ಸೀಸ ಇತ್ತಾ ಸೀಸ?

ಬೀಸುಬಲೆ ಬೀಸುವುದನ್ನು ದಡದಲ್ಲಿ ನಿಂತು ನೋಡುವವರ ಕಣ್ಣೆಲ್ಲ ಬಲೆ ಬಿಚ್ಚಿಕೊಳ್ಳುವ ಚಂದದ ಮೇಲೆ. ಅಸಲು ಕೆಲಸ ಮಾಡುವುದು ಅಂಚಿನ ಹಗ್ಗಕ್ಕೆ ಪೋಣಿಸಿದ ಸೀಸದ ಗುಂಡುಗಳು. ಬಲೆ ನೀರಿಗೆ ಬಿದ್ದ ತಕ್ಷಣ ಅಂಚು ಸುತ್ತಲೂ ಒಟ್ಟಿಗೇ ತಳ ಮುಟ್ಟಬೇಕು. ಒಂದು ಕಡೆ ತಡವಾಯಿತೋ, ಕಾಣೆ ಮೀನು ಆ ಕಡೆಯಿಂದಲೇ ನುಸುಳಿ ಗಂಗೊಳ್ಳಿ ಅಳಿವೆ ದಾಟಿರುತ್ತದೆ. ನಮ್ಮ ಭಾವನ ಬಲೆಗೆ ಸುಮಾರು ನಾಲ್ಕು ಕಿಲೋ ಸೀಸ ಬೇಕು. ಹೊಳೆಯಡಿಯ ಕಲ್ಲಿಗೆ, ಸೇತುವೆ ಕಂಬಕ್ಕೆ ಸಿಕ್ಕಿಕೊಂಡು ಅದರಲ್ಲಿ ಅರ್ಧಕ್ಕರ್ಧ ಪಂಚಗಂಗಾವಳಿಗೆ ಅರ್ಪಣೆಯಾಗಿತ್ತು. ಸೌಪರ್ಣಿಕೆ, ವಾರಾಹಿ ಎಂದು ಐದು ಹೊಳೆ ಸೇರುವ ಜಾಗ. ಯಾರ ಪಾಲಿಗೆ ಎಷ್ಟು ಹೋಯಿತೆಂದು ಲೆಕ್ಕ ಕೇಳುವಂತಿಲ್ಲ.

ಅಂಗಡಿಯಲ್ಲಿ ತಯಾರಿ ಗುಂಡು ಸಿಗುತ್ತದೆ. ಆದರೆ ಭಾವ ತಯಾರಿ ವಸ್ತು ಕೊಳ್ಳುವ ಪೈಕಿಯವರಲ್ಲ. "ಗುಜರಿ ಸೀಸ ತಂದ್ರೆ ಮನೆಯಲ್ಲೇ ಎರಕ ಹೊಯ್ಲಕ್ಕ್" ಎಂದರು. ಸ್ಕೂಟರ್ ನನ್ನದಾದ್ದರಿಂದ ಹುಡುಕುವ ಕೆಲಸವೂ ನನ್ನದಾಯಿತು.

ಮೊದಲು ಟಯರ್ ಅಂಗಡಿ. ಚಕ್ರದ ಬ್ಯಾಲೆನ್ಸ್ ಮಾಡುವಾಗ ರಿಮ್ಮಿನ ಅಂಚಿಗೆ ಹೊಡೆಯುವ ತುಂಡುಗಳು ಹಿಂದೆಲ್ಲ ಸೀಸದ್ದೇ. ಅಂಗಡಿ ಮುಂದೆ ನೆಲ ನೋಡಿಕೊಂಡು ನಡೆದರೆ ಕಿಸೆ ತುಂಬುತ್ತಿತ್ತು. ಯುರೋಪಿನವರು 2005ರಲ್ಲಿ ಹೊಸ ಕಾರುಗಳಿಗೆ ಅದನ್ನು ಬೇಡವೆಂದ ಮೇಲೆ ಕಬ್ಬಿಣ, ಸತು ಬಂದವು. ಈಗ ನಮ್ಮ ಕುಂದಾಪುರದ ಡಬ್ಬಿಯಲ್ಲೂ ಅವೇ ಹೆಚ್ಚು. "ಬೇಕಾರೆ ಹೆರ್ಕಿಕೊಳ್ಳಿ" ಎಂದು ಹುಡುಗ ಹಳೆ ತುಂಡುಗಳ ಡಬ್ಬಿಯನ್ನೇ ನನ್ನ ಮುಂದೆ ಸುರಿದ.

ಕಬ್ಬಿಣವನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ, ಅದಕ್ಕೆ ತಲೆಬಿಸಿಯಿಲ್ಲ. ಸತು, ಸೀಸ ಮಾತ್ರ ನೋಡಲು ಒಂದೇ ಬಣ್ಣ. ಉಗುರಿನಲ್ಲಿ ಗೀರಿದರೆ ಗೆರೆ ಬೀಳುವುದು ಸೀಸ. ಸಿಮೆಂಟಿನ ಮೇಲೆ ಬೀಳಿಸಿದರೆ ಸತು 'ಟಣ್' ಎನ್ನುತ್ತದೆ, ಸೀಸ 'ದಪ್' ಎಂದು ಸುಮ್ಮನಾಗುತ್ತದೆ. ಹೀಗಾಗಿ ನಾನು ಟಯರ್ ಅಂಗಡಿ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ತುಂಡನ್ನು ಬೀಳಿಸಿ ಕಿವಿಗೊಟ್ಟು ಕೇಳುತ್ತಿದ್ದೆ. ಅದೇ ಹೊತ್ತಿಗೆ ನನಗೆ ಪಾಠ ಹೇಳಿದ ಮೇಷ್ಟ್ರು ಬರಬೇಕೆ? "ಎಂತ ಮಾಡ್ತಿದ್ಯ?"

"ಶಬ್ದ ಕೇಳ್ತಿದ್ದೆ ಸರ್."

ಅವರು ತುಸು ಹೊತ್ತು ನಿಂತು, ನನ್ನ ತಲೆ ಮೇಲೆ ಕೈಯಿಟ್ಟು, ಏನೂ ಹೇಳದೆ ಹೋದರು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ "ರಾತ್ರಿ ನಿದ್ದೆ ಸಮ ಬರ್ತಿತ್ತಾ?" ಎಂದು ವಿಚಾರಿಸಿದಳು.

ಗುಜರಿ ಅಂಗಡಿಯವನದ್ದು ಬೇರೆಯೇ ಪುರಾಣ. ಹಳೆ ಟೆಲಿಫೋನ್ ಕೇಬಲ್ಲಿಗೆ ಸೀಸದ ಕವಚ ಇರುತ್ತಿತ್ತಲ್ಲ ಎಂದು ಬಾಯಿಬಿಟ್ಟದ್ದೇ ತಡ, ಆತ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಕೇಬಲ್ ಸುದ್ದಿ ಎತ್ಬೇಡಿ ಮಾರಾಯ್ರೆ, ಪೊಲೀಸರು ಬತ್ರ್." ಬ್ಯಾಟರಿ ಇತ್ತಾ ಎಂದರೆ, ಇತ್ತು, ರಾಶಿಯೇ ಇತ್ತು, ಆದರೆ ಮಾರುವಂತಿಲ್ಲ. ಬ್ಯಾಟರಿ ಮರಳಿಸಲು 2001ರಿಂದಲೇ ಒಂದು ಕಾನೂನಿತ್ತು, 2022ರಲ್ಲಿ ಹೊಸತು ಬಂತು. ಹಳೆ ಬ್ಯಾಟರಿ ಪರವಾನಗಿ ಇರುವ ಕಾರ್ಖಾನೆಗೇ ಹೋಗಬೇಕು. "ಬೇಕಾರೆ ಒಂದನ್ನ ಒಡ್ದ್ ಕೊಡ್ಲಾ?" ಎಂದು ಆತ ಸುತ್ತಿಗೆಗೆ ಕೈ ಹಾಕಿದಾಗ ನಾನೇ ಹಿಂದೆ ಸರಿದೆ. ಒಳಗಿರುವುದು ಆಸಿಡ್ಡು ಮತ್ತು ಸೀಸದ ಹಿಟ್ಟು. ಆ ಹಿಟ್ಟು ಉಸಿರಿನ ಜೊತೆ ಒಳಗೆ ಹೋದರೆ ರಕ್ತ ಸೇರುತ್ತದೆ, ಎಲುಬಿನಲ್ಲಿ ಮನೆ ಮಾಡುತ್ತದೆ. ಕಾಣೆ ಫ್ರೈ ಎಷ್ಟೇ ರುಚಿಯಾದರೂ ಆ ಬೆಲೆ ಕೊಡುವಷ್ಟಲ್ಲ.

ಕೊನೆಗೆ ಭಾಗ್ಯ ತೆರೆದದ್ದು ಬಾಗಿಲು ಮುಚ್ಚಿದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಆಫ್‌ಸೆಟ್ ಮುದ್ರಣ ಬಂದ ಮೇಲೆ ಕೈಯಲ್ಲಿ ಜೋಡಿಸುವ ಸೀಸದ ಅಚ್ಚುಮೊಳೆಗಳನ್ನು ಎಲ್ಲರೂ ಕಿಲೋ ಲೆಕ್ಕದಲ್ಲಿ ಮಾರಿದ್ದರು. ಈ ಪ್ರೆಸ್ಸಿನ ಯಜಮಾನರು ಮಾತ್ರ ಮನಸ್ಸು ಬಾರದೆ ಅಟ್ಟದ ಮೇಲೆ ಇಟ್ಟುಕೊಂಡಿದ್ದರಂತೆ. ಈಗ ಅಟ್ಟಕ್ಕೆ ಗೆದ್ದಲು ಹಿಡಿದಿದೆ, ಮೊಳೆಗಳ ಭಾರಕ್ಕೆ ಯಾವತ್ತು ಯಾರ ತಲೆಯ ಮೇಲೆ ಬೀಳುತ್ತದೋ ಎಂಬ ಹೆದರಿಕೆ. ಬಿಸ್ಕತ್ ಡಬ್ಬಿಯಲ್ಲಿ ತುಂಬಿ ಕೊಟ್ಟರು. ಡಬ್ಬಿ ನೋಡಲು ಅಂಗೈಯಗಲ. ಎತ್ತಲು ಹೋದರೆ ನೆಲ ಬಿಟ್ಟು ಏಳಲಿಲ್ಲ.

ಮನೆಗೆ ತಂದು ಸುರಿದೆ. ಬೆರಳಿಗಿಂತ ಸಣ್ಣ ಕಡ್ಡಿಗಳು, ಪ್ರತಿಯೊಂದರ ತಲೆಯ ಮೇಲೆ ಒಂದು ಅಕ್ಷರ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಒತ್ತಕ್ಷರಗಳಿಗೆ ಬೇರೆಯೇ ಮೊಳೆ. ಭಾವ ಆಗಲೇ ಒಲೆಗೆ ಕಟ್ಟಿಗೆ ಒಡ್ಡಿದ್ದರು. ಅಷ್ಟರಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಬಂದು ಒಂದು ಮೊಳೆಯನ್ನು ಬೆಳಕಿಗೆ ಹಿಡಿದರು. "ಇದ್ ಶ್ರೀ ಅಲ್ದಾ?"

ಮುಗಿಯಿತು. ಶ್ರೀಯನ್ನು ಒಲೆಗೆ ಹಾಕುವುದುಂಟೇ? ಅಮ್ಮ ಗೆರಸಿ ತರಿಸಿ ಕೂತರು. ಮದುವೆ ಕಾಗದ ಹೆಚ್ಚು ಅಚ್ಚು ಹಾಕಿದ ಪ್ರೆಸ್ ಅದು, ಶ್ರೀಗಳೇ ಹಿಡಿಗಟ್ಟಲೆ. ಆಮೇಲೆ ಓಂ. ಆಮೇಲೆ ರಾಮನ ರಾ ಮತ್ತು ಮ, ಗಣಪತಿಯ ಗ, ಣ, ಪ, ತ. ಮೂಕಾಂಬಿಕೆ ಹತ್ತಿರದ ದೇವರಾದ್ದರಿಂದ ಮೂ, ಕಾ, ಬ ಕೂಡ ಬಿಡುವಂತಿರಲಿಲ್ಲ. ಈ ಲೆಕ್ಕದಲ್ಲಿ ವರ್ಣಮಾಲೆಯೇ ಮೇಲೆದ್ದು ಹೋಗುತ್ತಿತ್ತು. ಅತ್ತೆಯ ಎದುರು ಭಾವ ಮಾತೆತ್ತುವ ಹಾಗಿಲ್ಲ. ಒಲೆ ಊದುವ ಕೊಳವೆ ಹಿಡಿದುಕೊಂಡು ನನ್ನ ಮುಖ ನೋಡಿದರು. ನಾನು ಧೈರ್ಯ ಮಾಡಿ, ಙ ಮತ್ತು ಞ ಯಾವ ದೇವರ ಹೆಸರಿನಲ್ಲೂ ಇಲ್ಲವಲ್ಲ ಎಂದೆ. ಅಮ್ಮ ಕ್ಷಣ ಯೋಚಿಸಿ, "ಯಜ್ಞೇಶ್ವರ?" ಎಂದು ಞದ ಒತ್ತನ್ನೂ ಗೆರಸಿಗೆ ಹಾಕಿಕೊಂಡರು. ಙ ಒಂದು ನಮಗೆ ದಕ್ಕಿತು. ಪ್ರೆಸ್ಸಿನ ಜೀವಮಾನದಲ್ಲಿ ಯಾರೂ ಅದನ್ನು ಮುಟ್ಟಿದ ಹಾಗಿರಲಿಲ್ಲ, ಮೂಲೆ ಸವೆಯದೆ ಥಳಥಳಿಸುತ್ತಿತ್ತು.

ಉಳಿದದ್ದು ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಪ್ರಶ್ನೆಚಿಹ್ನೆ ಮತ್ತು ಪದಗಳ ನಡುವೆ ಜಾಗ ಬಿಡಲು ಹಾಕುವ ಖಾಲಿ ತುಂಡುಗಳು. "ಖಾಲಿಯಾದ್ರೂ ಅಡ್ಡಿಲ್ಲೆ, ಭಾರ ಇದ್ರಾಯ್ತ್" ಎಂದರು ಭಾವ. ಸಾಹಿತ್ಯದ ಬಗ್ಗೆ ಅವರ ಅಭಿಪ್ರಾಯ ನನಗೆ ಮೊದಲಿಂದಲೂ ಗೊತ್ತು.

ಎರಕದ ಕೆಲಸ ಅಂಗಳದಾಚೆ, ತೆಂಗಿನ ಮರಗಳ ನಡುವೆ ಗಾಳಿಯಾಡುವ ಕಡೆ. ಮಕ್ಕಳು ಹತ್ತಿರ ಬರಬಾರದು, ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಬರಬಾರದು ಎಂದು ಹೆಂಡತಿಯ ಆಜ್ಞೆ. ಭಾವ ಸದ್ದಿಲ್ಲದೆ ಎತ್ತಿಕೊಂಡು ಹೋದದ್ದು ಅವಳ ಸಾರಿನ ಸೌಟು ಎಂಬುದು ಆಜ್ಞೆ ಹೊರಡುವ ಹೊತ್ತಿಗೆ ಅವಳಿಗೆ ಗೊತ್ತಿರಲಿಲ್ಲ. ಮಗಳು ಜಗಲಿಯಿಂದಲೇ ಫೋನ್ ನೋಡಿ ಓದಿ ಹೇಳಿದಳು: ಇಂಗ್ಲೆಂಡಿನಲ್ಲಿ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು 1987ರಲ್ಲೇ ನಿಲ್ಲಿಸಿದ್ದಾರೆ, ಹಂಸಗಳು ಹರಳುಕಲ್ಲೆಂದು ನುಂಗಿ ಸಾಯುತ್ತಿದ್ದವಂತೆ. ಹಾಲು ನೀರು ಬೇರ್ಪಡಿಸುವ ಹಕ್ಕಿಗೆ ಕಲ್ಲು ಸೀಸ ಬೇರ್ಪಡಿಸಲು ಆಗಲಿಲ್ಲವೇ ಎಂದು ಅಮ್ಮನಿಗೆ ಬೇಸರವಾಯಿತು. ಬಹುಶಃ ಅವು ಬೀಳಿಸಿ ಶಬ್ದ ಕೇಳಲಿಲ್ಲ.

ಸೀಸ 327 ಡಿಗ್ರಿಗೆ ಕರಗುತ್ತದೆ, ಸತುವಿಗೆ 420ರ ಹತ್ತಿರ ಬೇಕು. ಬೆಂಕಿ ಹದದಲ್ಲಿದ್ದರೆ ತಪ್ಪಿ ಬಂದ ಸತುವಿನ ತುಂಡು ಮೇಲೆ ತೇಲುತ್ತದೆ, ಸೌಟಿನಲ್ಲಿ ತೆಗೆದು ಬಿಸಾಡಬಹುದು. ಮೇಷ್ಟ್ರು ಬಂದ ಗಡಿಬಿಡಿಯಲ್ಲಿ ಶಬ್ದಪರೀಕ್ಷೆ ಆಗದ ತುಂಡುಗಳೂ ಬಾಣಲೆಯಲ್ಲಿದ್ದವು. "ಬೆಂಕಿ ಸಣ್ಣ ಇರ್ಲಿ ಭಾವ" ಎಂದೆ. ಭಾವ ತೆಂಗಿನ ಚಿಪ್ಪು ಒಟ್ಟಿ ಊದಿದರು. ಅವರಿಗೆ ಒಲೆ ಎಂದರೆ ಉರಿಯಬೇಕು. ಸತುವೂ ಕರಗಿ ಬೆರೆತು, ಕನ್ನಡಿಯಂತಿದ್ದ ಸೀಸ ನೋಡನೋಡುತ್ತ ಗಂಟುಗಂಟಾದ ಅಂಬಲಿಯಾಯಿತು. ಅಚ್ಚಿಗೆ ಹೊಯ್ದರೆ ಅರ್ಧಕ್ಕೇ ನಿಂತಿತು. ಅದೇ ಗಳಿಗೆಗೆ ಮೇಲಿನ ಮಡಲಿನಿಂದ ಬೆಳಗಿನ ಮಳೆಯ ಒಂದು ಹನಿ ಅಚ್ಚಿನೊಳಗೆ ಬಿತ್ತು. ಕರಗಿದ ಸೀಸಕ್ಕೆ ನೀರು ಸೋಕಿದರೆ ಕ್ಷಣದಲ್ಲಿ ಆವಿಯಾಗಿ ಸೀಸವನ್ನೇ ಎರಚುತ್ತದೆ. 'ಫಟ್' ಎಂದದ್ದು ಕೇಳಿಸಿತು, ಭಾವ ಹಾರಿದ್ದು ಕಾಣಿಸಿತು. ಮೈಗೆ ಏನೂ ಆಗಲಿಲ್ಲ, ಲುಂಗಿ ಮಾತ್ರ ಜರಡಿ.

ಎರಡನೇ ಬಾಣಲೆಗೆ ಬರೀ ಮೊಳೆ ಹಾಕಿದೆವು, ಅಚ್ಚನ್ನು ಒಲೆಯ ಬದಿಯಲ್ಲಿಟ್ಟು ಚೆನ್ನಾಗಿ ಒಣಗಿಸಿದ ಮೇಲೆ. ಮೊಳೆಯ ಸೀಸದಲ್ಲಿ ಆಂಟಿಮನಿ, ತವರ ಬೆರೆತಿರುತ್ತದೆ. ತಣ್ಣಗಾಗುವಾಗ ಹೆಚ್ಚು ಕುಗ್ಗುವುದಿಲ್ಲ, ಅದಕ್ಕೇ ಅಕ್ಷರ ಅಷ್ಟು ಚೂಪಾಗಿ ಬರುವುದು. ತೂತು ಉಳಿಯಲೆಂದು ಅಚ್ಚಿನ ನಡುವೆ ಸೈಕಲ್ ಸ್ಪೋಕ್ ನಿಲ್ಲಿಸಿ ಹೊಯ್ದ ಗುಂಡುಗಳು ಅಂಗಡಿಯವನ್ನು ನಾಚಿಸುವಂತೆ ಬಂದವು. ಗಟ್ಟಿ ಎಷ್ಟೆಂದರೆ ಇಕ್ಕಳದಲ್ಲಿ ಒತ್ತಿದರೂ ಹಗ್ಗ ಕಚ್ಚಲಿಲ್ಲ; ಬಗ್ಗುವ ಬದಲು ತುಂಡಾಯಿತು. ಅದಕ್ಕೆ ಭಾವ ಪ್ರತಿ ಗುಂಡಿನ ಎರಡೂ ಬದಿಗೆ ನೂಲಿನ ಗಂಟು ಹಾಕುತ್ತ ಕೂತರು.

ಇಷ್ಟಾಗಿಯೂ ತೂಕ ಮಾಡಿದರೆ ಒಂದು ಕಿಲೋ ಕಡಿಮೆ. ಭಾವ ಗೆರಸಿಯ ಕಡೆ ನೋಡಿದರು. ಅಮ್ಮ ಅದನ್ನೆತ್ತಿ ದೇವರ ಕೋಣೆಗೆ ಒಯ್ದರು.

ಈಗ ಭಾವನಿಗೆ ಯಾರೋ ಹೊಸ ಸುದ್ದಿ ಕೊಟ್ಟಿದ್ದಾರೆ. ಉಡುಪಿ ಕಡೆ ಒಂದು ಹಳೆ ಎಕ್ಸ್‌ರೇ ಕೋಣೆ ಕೆಡವುತ್ತಿದ್ದಾರಂತೆ, ಅದರ ಬಾಗಿಲೊಳಗೆ ಸೀಸದ ಹಾಳೆ ಇರುತ್ತದಂತೆ. ಎರಡು ಮಿಲಿಮೀಟರ್ ದಪ್ಪ ಎಂದರೂ ಚದರ ಮೀಟರಿಗೆ 22 ಕಿಲೋಗಿಂತ ಮೇಲೆ. ಭಾವ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿ, ಒಂದು ಬಾಗಿಲಿಗೆ ಹನ್ನೊಂದು ಬಲೆ ಎಂದು ಕಂಡುಹಿಡಿದು, ರಾತ್ರಿ ಫೋನ್ ಮಾಡಿದರು.

"ಬಾಗಿಲು ಸ್ಕೂಟರಿನ ಮೇಲೆ ಅಡ್ಡ ಹಿಡಿತ್ತಾ, ಉದ್ದ ಹಿಡಿತ್ತಾ?"

ನಾನು ಉತ್ತರ ಹೇಳುವ ಮೊದಲೇ ಹೆಂಡತಿ ಫೋನ್ ಕಸಿದುಕೊಂಡಳು. "ಭಾವ, ಮೊದ್ಲು ನನ್ನ ಸೌಟ್ ತಂದ್ ಕೊಡಿ. ಅದೇ ಅಲ್ಲ, ಹೊಸ್ತು."