ಕಾಫಿ ಯಾವ ದಿನದ್ದೋ!

ಪ್ರೀತಿಯ ಗಾಯಕ ತೀರಿಕೊಂಡ ಸುದ್ದಿ ಕೇಳಿದ ಗಳಿಗೆ ಫೋಟೋ ತೆಗೆದ ಹಾಗೆ ಉಳಿಯುತ್ತದೆ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಮೈಕೆಲ್ ಜಾಕ್ಸನ್ ಹೋಗಿದ್ದು 2009ರ ಜೂನ್ 25. ಅವತ್ತು ಸಂಜೆ ಟಿವಿ ಮುಂದೆ ಕೂತಿದ್ದೆ, ಕೈಯಲ್ಲಿದ್ದ ಕಾಫಿ ಕೆನೆಗಟ್ಟಿ ತಣ್ಣಗಾಯಿತು ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಆಮೇಲೊಮ್ಮೆ ಸುಮ್ನೆ ಲೆಕ್ಕ ಹಾಕಿದೆ. ಲಾಸ್ ಏಂಜಲೀಸ್‌ನಲ್ಲಿ ಆತ ತೀರಿಕೊಂಡ ಅಂತ ಘೋಷಿಸಿದ್ದು ಮಧ್ಯಾಹ್ನ 2:26ಕ್ಕೆ, ಅಂದರೆ ನಮ್ಮಲ್ಲಿ 26ರ ಬೆಳಗಿನ ಜಾವ, ಹೆಚ್ಚೂಕಡಿಮೆ 3 ಗಂಟೆ. ನನ್ನ ಕಾಫಿ ಹೊತ್ತಿಗೆ ಆತ ಇನ್ನೂ ಬದುಕಿದ್ದ ಅಲ್ವಾ! 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ದುರಂತದ ಮರುದಿನ ಅಮೆರಿಕದಲ್ಲಿ ಸಂಶೋಧಕರು, ಆ ಸುದ್ದಿ ತಮಗೆ ಹೇಗೆ ತಿಳಿಯಿತು ಅಂತ ವಿದ್ಯಾರ್ಥಿಗಳ ಕೈಲಿ ಬರೆಸಿಟ್ಟಿದ್ದರು. ಸುಮಾರು ಎರಡೂವರೆ ವರ್ಷ ಬಿಟ್ಟು ಕೇಳಿದರೆ ತುಂಬಾ ಜನ ಬೇರೆಯದನ್ನೇ ಹೇಳಿದರು, ಅದೂ ಗಟ್ಟಿ ನಂಬಿಕೆಯಿಂದ.