ಕೊಟ್ಟವನೇನು ಕೋಡಂಗಿಯೇ?

ಕಳೆದ ತಿಂಗಳು ನನ್ನ ಕ್ರೆಡಿಟ್ ಕಾರ್ಡ್ ಕಂಪನಿಯಿಂದ ಒಂದು ಕಾಗದ ಬಂತು. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಆರು ವರ್ಷವಾದರೂ ಇಂಥ ಲಕೋಟೆ ಕಂಡರೆ ಎದೆ ಧಸಕ್ ಅನ್ನುತ್ತದೆ. ಕಂತು ತಪ್ಪಿತಾ, ದಂಡ ಬಿತ್ತಾ ಅಂತ ಬಾಗಿಲಲ್ಲೇ ನಿಂತು ಹರಿದು ಓದಿದೆ.

ದಂಡ ಬಿದ್ದಿರಲಿಲ್ಲ. ಬರೆದಿದ್ದದ್ದು ಇಷ್ಟು: ಕಳೆದ 18 ತಿಂಗಳಲ್ಲಿ ನೀವು ಸುಮಾರು 1,140 ಪೌಂಡ್ ಕಟ್ಟಿದ್ದೀರಿ. ಅದರಲ್ಲಿ 740 ಬಡ್ಡಿಗೇ ಹೋಗಿದೆ, ಅಸಲು ಕರಗಿದ್ದು 400 ಮಾತ್ರ. ಹೀಗೇ ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ಸಾಲ ತೀರಲು ತುಂಬ ವರ್ಷ ಹಿಡಿಯುತ್ತದೆ, ನಷ್ಟ ನಿಮಗೇ. ಸ್ವಲ್ಪ ಜಾಸ್ತಿ ಕಟ್ಟಲು ಆಗುತ್ತದಾ ನೋಡಿ. ಆಗದಿದ್ದರೆ ಫೋನ್ ಮಾಡಿ. ಕೆಳಗೆ ಪುಕ್ಕಟೆ ಸಲಹೆ ಕೊಡುವ ಸಂಸ್ಥೆಗಳ ನಂಬರುಗಳು.

ಇನ್ನೊಂದು ಸಲ ಓದಿದೆ. ಬಡ್ಡಿ ತಿನ್ನುವವನೇ ನನಗೆ ಇಷ್ಟು ಬಡ್ಡಿ ಕಟ್ಟಬೇಡ ಮಾರಾಯ ಅನ್ನುತ್ತಿದ್ದಾನೆ!

ಆ ಸಾಲ ಏನಪ್ಪಾ ಅಂದರೆ, ಸೋದರತ್ತೆ ಮಗಳ ಮದುವೆಗೆ ಮೇ ತಿಂಗಳಲ್ಲಿ ಮೂರು ಜನ ಊರಿಗೆ ಹೋಗಿ ಬಂದ ಟಿಕೆಟ್ಟಿನ ದುಡ್ಡು. 2,400 ಪೌಂಡ್, ಬಡ್ಡಿ ವರ್ಷಕ್ಕೆ ಶೇ. 24.9. ಅಮ್ಮನಿಗೆ ಫೋನಿನಲ್ಲಿ ಕಾಗದದ ವಿಷಯ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ: "ಅಯ್ಯೋ, ಸಾಲದ ಕಾಗದ ಮನೆಗೇ ಬಂತಾ? ಪಕ್ಕದ ಮನೆಯವರಿಗೆ ಗೊತ್ತಾಯ್ತಾ?"

ಈ ಕಂಪನಿಗೆ ನನ್ನ ಮೇಲೆ ಪ್ರೀತಿ ಉಕ್ಕಿ ಕಾಗದ ಬರೆದಿದೆ ಅಂತ ನಾನೇನೂ ನಂಬಿಲ್ಲ. ವಿಚಾರಿಸಿದರೆ ಅದು ಕಾನೂನು. ಇಲ್ಲಿನ ಹಣಕಾಸು ಕಂಪನಿಗಳ ಕಿವಿ ಹಿಂಡುವ ಎಫ್‌ಸಿಎ ಅನ್ನುವ ಸಂಸ್ಥೆ 2018ರಲ್ಲಿ ತಂದ ನಿಯಮ. ಗಿರಾಕಿ 18 ತಿಂಗಳು ಅಸಲಿಗಿಂತ ಬಡ್ಡಿ ಮತ್ತು ಶುಲ್ಕವನ್ನೇ ಜಾಸ್ತಿ ಕಟ್ಟಿದ್ದರೆ ಕಂಪನಿ ಅವನಿಗೆ ಹೇಳಬೇಕು. 36 ತಿಂಗಳಾದರೂ ಹಾಗೇ ಇದ್ದರೆ ಸಾಲ ತೀರಿಸುವ ದಾರಿ ಕಂಪನಿಯೇ ತೋರಿಸಬೇಕು. ಆ ದಾರಿಯಲ್ಲೂ ಅವನ ಕೈಯಲ್ಲಿ ಆಗದಿದ್ದರೆ ಬಡ್ಡಿ ಇಳಿಸುವುದು, ಬಿಡುವುದು, ಇಂಥ ರಿಯಾಯಿತಿ ಕೊಡಬೇಕು. ಗಿರಾಕಿ ಮುಳುಗುತ್ತಿದ್ದಾನೆ ಅಂತ ಲೆಕ್ಕದ ಪುಸ್ತಕ ಇಟ್ಟುಕೊಂಡವನಿಗೆ ಗೊತ್ತಿರುತ್ತದಲ್ವಾ, ಗೊತ್ತಿದ್ದೂ ಸುಮ್ಮನಿದ್ದರೆ ಅದು ಅವನ ತಪ್ಪು. ಅಷ್ಟೇ ತರ್ಕ.

ನಮ್ಮ ಕಡೆ ಇರುವ ಗಾದೆ ಬೇರೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಸಾಲ ಕೊಟ್ಟವನು ಪಾಪದವನು, ತಗೊಂಡವನು ಕುಣಿಯುವವನು. ಈ ಗಾದೆ ಹುಟ್ಟಿದ್ದು ಕೈಸಾಲದ ಕಾಲದಲ್ಲಿ. ಭಾವಮೈದುನನಿಗೆ ಐನೂರು ಕೊಟ್ಟು, ಅವನು ಎದುರು ಸಿಕ್ಕಾಗ ಬೀದಿ ಬದಲಿಸುವುದನ್ನು ನೋಡಿದವನು ಕಟ್ಟಿದ ಗಾದೆ. ಅವನ ಹೊಟ್ಟೆಯುರಿ ನ್ಯಾಯವಾದದ್ದೇ. ಆದರೆ ಗಿರಾಕಿಯ ಸಂಬಳ, ಹಳೆಯ ಸಾಲ, ತಪ್ಪಿಸಿದ ಕಂತು ಎಲ್ಲವನ್ನೂ ಕಂಪ್ಯೂಟರಿನಲ್ಲಿ ನೋಡಿ, ಅಳೆದು, ಬಡ್ಡಿ ಹಾಕಿ ಕೊಡುವ ಕಂಪನಿಯೂ ಕೋಡಂಗಿ ಹೇಗಾಗುತ್ತದೆ? ಕಂಪನಿ ಕೊಡುವ ಸಾಲಕ್ಕೂ ನಮ್ಮವರು ಅದೇ ಗಾದೆ ಹೊದಿಸುತ್ತಾರೆ. ಅದೇ ನನಗೆ ಸಿಟ್ಟು.

ಈ ಸಿಟ್ಟಿನ ಹಿಂದೆ ನನ್ನ ಚಿಕ್ಕಮ್ಮ ಇದ್ದಾಳೆ.

ನಮ್ಮೂರು ಕೊಳ್ಳೇಗಾಲದ ಕಡೆ. ಹೋದ ಸಲ ಊರಿಗೆ ಹೋದಾಗ ಒಂದು ಮಂಗಳವಾರ ಸಂಘದ ಕಂತು, ಅಂದರೆ ಮೈಕ್ರೋಫೈನಾನ್ಸ್ ಕಂಪನಿ ಹೆಂಗಸರ ಗುಂಪಿಗೆ ಅಡಮಾನವಿಲ್ಲದೆ ಕೊಡುವ ಚಿಕ್ಕ ಸಾಲದ ಕಂತು, ಕಟ್ಟುವುದನ್ನು ಕೂತು ನೋಡಿದೆ. ಬೆಳಿಗ್ಗೆ ಎಂಟು ಗಂಟೆಗೆ ಮಾರಮ್ಮನ ಗುಡಿ ಜಗಲಿಯ ಮೇಲೆ ಹೆಂಗಸರೆಲ್ಲ ಬಂದು ಸಾಲಾಗಿ ಕೂತರು. ಬೈಕಿನಲ್ಲಿ ಒಬ್ಬ ಹುಡುಗ ಬಂದ. ಇಪ್ಪತ್ತಮೂರೋ ಇಪ್ಪತ್ನಾಕೋ ಇರಬೇಕು. ಹೆಲ್ಮೆಟ್ಟು ತೆಗೆದು ಪಕ್ಕದಲ್ಲಿಟ್ಟು, ಬೆರಳಿಗೆ ಎಂಜಲು ಹಚ್ಚಿ ನೋಟು ಎಣಿಸುತ್ತಾ ಹೋದ. ಹರಿದಿದ್ದ ಹತ್ತರ ನೋಟೊಂದನ್ನು ವಾಪಸ್ ಕೊಟ್ಟ. ನಾಲ್ಕನೆಯವಳ ಹತ್ತಿರ 300 ರೂಪಾಯಿ ಕಡಿಮೆ ಇತ್ತು. ಹುಡುಗ ಬೈಯಲಿಲ್ಲ. ಟ್ಯಾಬು ಮುಚ್ಚಿ ಮೊಬೈಲ್ ನೋಡುತ್ತಾ ಕೂತ. ಗುಂಪಿನ ಲೆಕ್ಕ ಪೂರ್ತಿ ಆಗುವ ತನಕ ಯಾರೂ ಏಳುವ ಹಾಗಿಲ್ಲ. ಕೂಲಿಗೆ ಕರೆದುಕೊಂಡು ಹೋಗುವ ಟೆಂಪೋ ರಸ್ತೆಯಲ್ಲಿ ಹಾರನ್ ಹೊಡೆಯುತ್ತಿತ್ತು. ಹತ್ತು ನಿಮಿಷ ಆಯಿತು. ಆಮೇಲೆ ಹೆಂಗಸರೇ ಶುರು ಮಾಡಿದರು. "ನಿನ್ನಿಂದ ನಮ್ ಕೂಲಿನೂ ಹೋಯ್ತದೆ" ಅಂತ ಒಬ್ಬಳು. "ಸೀರೆ ತಗಳಕ್ಕೆ ಮಾತ್ರ ದುಡ್ಡಿತ್ತಾ" ಅಂತ ಇನ್ನೊಬ್ಬಳು. ಕೊನೆಗೆ ಯಾರೋ ಸೆರಗಿನ ಗಂಟು ಬಿಚ್ಚಿ 300 ಕೊಟ್ಟರು. ಹುಡುಗ ಹೆಲ್ಮೆಟ್ಟು ಹಾಕಿಕೊಂಡು ಹೋದ.

ಕಂಪನಿಯ ಬಾಯಿಂದ ಒಂದು ಕೆಟ್ಟ ಮಾತೂ ಬರಲಿಲ್ಲ, ಗಮನಿಸಿ. ಅವಮಾನ ಮಾಡುವ ಕೆಲಸವನ್ನೂ ಸಾಲಗಾರರಿಗೇ ವಹಿಸಿಬಿಟ್ಟಿದ್ದಾರೆ, ಸಂಬಳವಿಲ್ಲದೆ.

ಚಿಕ್ಕಮ್ಮನಿಗೆ ಇಂಥ ಐದು ಸಾಲ. ಪಾಸ್‌ಬುಕ್ಕುಗಳನ್ನೆಲ್ಲ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದಳು, ಚಿಕ್ಕಪ್ಪನ ಕಣ್ಣಿಗೆ ಬೀಳಬಾರದು ಅಂತ. ಅಕ್ಕಿ ಪುಡಿ ಒರೆಸಿ ಒಂದೊಂದೇ ಲೆಕ್ಕ ಹಾಕಿದೆ. ಎಲ್ಲ ಸೇರಿ ತಿಂಗಳಿಗೆ ಹತ್ತಿರ ಹತ್ತಿರ 12 ಸಾವಿರ ಕಂತು. ಚಿಕ್ಕಪ್ಪನ ಕೂಲಿ, ಡೈರಿಗೆ ಹಾಕುವ ಹಾಲು ಎರಡೂ ಸೇರಿದರೆ ಮನೆಗೆ ಬರುವುದು 15 ಸಾವಿರ, ಅದೂ ಒಳ್ಳೆ ತಿಂಗಳಲ್ಲಿ.

ಹಾಗಾದರೆ ನಮ್ಮಲ್ಲಿ ನಿಯಮ ಇಲ್ಲವಾ? ಇದೆ. 2022ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗಳಿಗೆ. ಆ ಮನೆಯ ಎಲ್ಲ ಸಾಲದ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಚಿಕ್ಕಮ್ಮನ ಲೆಕ್ಕದಲ್ಲಿ ಅದು ಏಳೂವರೆ ಸಾವಿರ. ಮತ್ತೆ 12 ಸಾವಿರ ಹೇಗಾಯಿತು? ಐದನೇ ಸಾಲದ ಅರ್ಜಿಯ ಫೋಟೋ ಅವಳ ಮಗನ ಮೊಬೈಲಿನಲ್ಲಿತ್ತು. ಮನೆಯ ಆದಾಯ ಅನ್ನುವ ಕಡೆ ತಿಂಗಳಿಗೆ 25,000 ಅಂತ ಬರೆದಿತ್ತು. 25 ಸಾವಿರವನ್ನು ಹನ್ನೆರಡರಿಂದ ಗುಣಿಸಿ ನೋಡಿ. ಸರಿಯಾಗಿ 3 ಲಕ್ಷ. ಅದರ ಅರ್ಧ ಹನ್ನೆರಡೂವರೆ ಸಾವಿರ. ಕಂತು 12. ಚಪ್ಪಲಿಗೆ ತಕ್ಕಂತೆ ಕಾಲು ಕುಯ್ದಿದ್ದಾರೆ.

"ಯಾರು ಬರೆದದ್ದು ಚಿಕ್ಕಮ್ಮ ಇದನ್ನ?"

"ಕಂಪನಿಯವನೇ ಕಣಪ್ಪ. ಹಿಂಗ್ ಬರ್ಕೊಂಡ್ರೆ ಆಯ್ತದೆ ಅಂದ. ನಾನು ಹೆಬ್ಬೆಟ್ಟು ಒತ್ತಿದೆ."

2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಸಾಲ ವಸೂಲಿಯ ಕಾಟ ತಾಳದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಎಲ್ಲರೂ ಓದಿದ್ದೀರಿ. ಚಿಕ್ಕಮ್ಮನೂ ಹನ್ನೊಂದು ದಿನ ತವರಿಗೆ ಹೋಗಿ ಕೂತಿದ್ದಳು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ ಆಮೇಲೆ ಸಹಿ ಹಾಕಿದರು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಕಣ್ಣೆಲ್ಲ ವಸೂಲಿಯ ಮೇಲೆ. ಬಾಗಿಲು ಬಡಿದವನನ್ನು ಹಿಡಿಯುತ್ತೇವೆ. 15 ಸಾವಿರವನ್ನು 25 ಸಾವಿರ ಅಂತ ಬರೆದುಕೊಂಡವನ ಸುದ್ದಿ ಯಾರೂ ಎತ್ತಲಿಲ್ಲ. ಅಮ್ಮನಂತೂ ಎತ್ತಲಿಲ್ಲ. "ಅಷ್ಟೊಂದು ಸಾಲ ಮಾಡು ಅಂತ ಅವಳಿಗೆ ಯಾರು ಹೇಳಿದ್ದು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಅಂದಳು. ಸ್ವಂತ ತಂಗಿ!

ಇಲ್ಲಿ ನನ್ನ ಆಫೀಸಿನಲ್ಲಿ ಒಬ್ಬ ಇದ್ದಾನೆ. ಒಂದು ಕಾಲದಲ್ಲಿ ಸಂಬಳದ ಮೇಲೆ ಕೊಡುವ ಚಿಲ್ಲರೆ ಸಾಲಗಳನ್ನು ಒಂದರ ಮೇಲೊಂದು ತಗೊಂಡವನು. ಹಲ್ಲು ಕೀಳಿಸಲು ಹೋಗಿದ್ದೆ ಅನ್ನುವಷ್ಟೇ ಸಲೀಸಾಗಿ, ಕ್ಯಾಂಟೀನಿನಲ್ಲಿ ಎಲ್ಲರೆದುರು, ಸಾಲದ ಸಲಹೆಗೆ ಹೋಗಿದ್ದೆ ಅಂತ ಹೇಳಿದ. ಹೋಗಿದ್ದು ಸ್ಟೆಪ್‌ಚೇಂಜ್ ಅನ್ನುವ ಧರ್ಮಸಂಸ್ಥೆಗೆ. 1993ರಲ್ಲಿ ಇದೇ ಲೀಡ್ಸ್‌ನಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. ಅವರು ಅವನಿಗೆ "ಉಸಿರಾಡುವ ಬಿಡುವು" ಕೊಡಿಸಿದರು. 2021ರ ಮೇ ತಿಂಗಳಿಂದ ಇರುವ ವ್ಯವಸ್ಥೆ. 60 ದಿನ ಸಾಲ ಕೊಟ್ಟವರು ಅವನ ಬೆನ್ನು ಹತ್ತುವ ಹಾಗಿಲ್ಲ, ಬಡ್ಡಿ, ದಂಡ ಏರಿಸುವ ಹಾಗಿಲ್ಲ. ಆಮೇಲೆ ಅವನು ಸಾಲ ಕೊಟ್ಟವನ ಮೇಲೇ ದೂರು ಕೊಟ್ಟ. ನನ್ನ ಕೈಲಿ ತೀರಿಸಲು ಆಗಲ್ಲ ಅಂತ ನಿನಗೆ ಕಾಣುತ್ತಿತ್ತು, ಆದರೂ ಯಾಕೆ ಕೊಟ್ಟೆ ಅಂತ! ಕಂಪನಿ ಒಪ್ಪದಿದ್ದಾಗ ಗಿರಾಕಿ ಮತ್ತು ಕಂಪನಿ ನಡುವಿನ ತಕರಾರು ಬಗೆಹರಿಸುವ ಓಂಬುಡ್ಸ್‌ಮನ್ ಹತ್ತಿರ ಹೋದ. ಅಲ್ಲಿ ಗಿರಾಕಿಗೆ ಖರ್ಚಿಲ್ಲ. ಬಡ್ಡಿ ವಾಪಸ್ ಬಂತು. ಅಸಲು ಮಾತ್ರ ಅವನೇ ತೀರಿಸಿದ.

60 ದಿನ. ಚಿಕ್ಕಮ್ಮನಿಗೆ ಅಷ್ಟು ಸಿಕ್ಕಿದ್ದರೆ ಹಸು ಕರು ಹಾಕುತ್ತಿತ್ತು.

ಇಷ್ಟು ಹೊಗಳಿದ ಮೇಲೆ ಇಲ್ಲಿಯ ಹುಳುಕೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಸಂಬಳದ ಸಾಲದ ದೊಡ್ಡ ಕುಳ ವೊಂಗಾ ಅನ್ನುವ ಕಂಪನಿ. ವರ್ಷದ ಲೆಕ್ಕಕ್ಕೆ ತಂದರೆ ಅದರ ಬಡ್ಡಿ ಶೇ. 5,000 ದಾಟುತ್ತಿತ್ತು. ನಮ್ಮ ಮೀಟರ್ ಬಡ್ಡಿಯವರೂ ನಾಚಬೇಕು. ದಿನಕ್ಕೆ ಶೇ. 0.8, ಒಟ್ಟಾರೆ ತಗೊಂಡ ಸಾಲದಷ್ಟೇ ಮೇಲುಖರ್ಚು, ಅದಕ್ಕಿಂತ ಹೆಚ್ಚು ವಸೂಲಿ ಮಾಡುವ ಹಾಗಿಲ್ಲ ಅಂತ ಮಿತಿ ಬಂದದ್ದು 2015ರಲ್ಲಿ. ಅಲ್ಲಿಯವರೆಗೆ ಸಾಹೇಬರೂ ನಿದ್ದೆ ಹೊಡೆಯುತ್ತಿದ್ದರು. ದೂರುಗಳು ಮುತ್ತಿಕೊಂಡು 2018ರ ಆಗಸ್ಟಿನಲ್ಲಿ ವೊಂಗಾ ಬಾಗಿಲು ಹಾಕಿತು. ಪರಿಹಾರ ಬರಬೇಕಿದ್ದವರಿಗೆ ಕೊನೆಗೆ ಸಿಕ್ಕಿದ್ದು ಪೌಂಡಿಗೆ 4.3 ಪೆನ್ಸ್. ರೂಪಾಯಿಗೆ ನಾಲ್ಕು ಪೈಸೆ ಅಂದ ಹಾಗೆ. ಇನ್ನು ಮನೆ ಕಂದಾಯ ಬಾಕಿ ಬಿದ್ದರೆ ಬಾಗಿಲಿಗೆ ಆಳು ಕಳಿಸುವುದರಲ್ಲಿ ಇಲ್ಲಿಯ ಕೌನ್ಸಿಲ್‌ಗಳು ಯಾವ ಬಡ್ಡಿ ಸಾಹುಕಾರನಿಗೂ ಕಡಿಮೆ ಇಲ್ಲ.

ಚಿಕ್ಕಮ್ಮನ ವಿಷಯದಲ್ಲೂ ನಾನು ಪೂರ್ತಿ ಹೇಳಿಲ್ಲ. ಮೊದಲ ಸಾಲ ಹಸುವಿಗೆ. ಎರಡನೆಯದು ಚಿಕ್ಕಪ್ಪನ ಆಪರೇಷನ್‌ಗೆ. ಮೂರನೆಯದು ಮಗನ ಬೈಕಿಗೆ ಮುಂಗಡ, ನಾಲ್ಕನೆಯದು ಮಾರಿಹಬ್ಬಕ್ಕೆ ಮೂರು ಮರಿ ಕುಯ್ದು ನೆಂಟರಿಗೆಲ್ಲ ಊಟ ಹಾಕಿದ್ದು. ಐದನೆಯದು ಇವನ್ನೆಲ್ಲ ತೀರಿಸಲು. ಸಾಲ ಮಾಡಿ ತುಪ್ಪ ತಿಂದದ್ದು ಸುಳ್ಳಲ್ಲ. 25 ಸಾವಿರ ಅಂತ ಬರೆದದ್ದು ಅವಳಿಗೂ ಗೊತ್ತಿತ್ತು. ಮತ್ತೆ, ಆ ಮೊದಲ ಹಸುವಿಗೆ ಅವಳು ಮುಂಚೆ ಹೋದದ್ದು ಪಟ್ಟಣದ ಒಂದು ಬ್ಯಾಂಕಿಗೆ. ಮೂರು ಸಲ ಓಡಾಡಿಸಿದರು, ಕೂರಲು ಒಂದು ಕುರ್ಚಿ ಕೊಡಲಿಲ್ಲ. ಸಂಘದವರು ಅಡಮಾನ ಕೇಳದೆ ವಾರದಲ್ಲಿ ಕೊಟ್ಟರು. "ನನ್ನ ನಂಬಿ ಮೊದಲು ದುಡ್ಡು ಕೊಟ್ಟೋರು ಅವರೇ ಕಣಪ್ಪ" ಅಂತ ಈಗಲೂ ಅನ್ನುತ್ತಾಳೆ.

ಕೊಡುವವನ ಕೈ ತೀರಾ ಕಟ್ಟಿದರೆ ಏನಾಗುತ್ತದೆ ಅನ್ನುವುದೂ ನಮ್ಮ ಮನೆಗೆ ಗೊತ್ತು. 1976ರಲ್ಲಿ ದೇವರಾಜ ಅರಸರು ಋಣ ಪರಿಹಾರ ಕಾಯ್ದೆ ತಂದಾಗ ಅಜ್ಜಿಯ ಸಾಲ ಅಳಿಸಿಹೋಯಿತು. ಅಜ್ಜಿ ಅರಸರ ಫೋಟೋ ದೇವರ ಪಕ್ಕ ಇಟ್ಟಿದ್ದಳು. ಮುಂದಿನ ಮುಂಗಾರಿಗೆ ಬಿತ್ತನೆ ಭತ್ತಕ್ಕೆ ದುಡ್ಡು ಕೇಳಿದರೆ ಸಾಹುಕಾರ "ಅರಸರನ್ನೇ ಕೇಳು" ಅಂದನಂತೆ.

ಇನ್ನೂ ಒಂದು. ಚಿಕ್ಕಮ್ಮ ತವರಿನಲ್ಲಿ ಅಡಗಿದ್ದ ಹನ್ನೊಂದು ದಿನ ಅವಳ ಹಸುವಿಗೆ ಹುಲ್ಲು ಹಾಕಿ, ಹಾಲು ಕರೆದು, ಅವಳ ಹೆಸರಿಗೇ ಡೈರಿಗೆ ಬರೆಸಿದವಳು ಪಕ್ಕದ ಮನೆಯಾಕೆ. ಸೀರೆ ತಗಳಕ್ಕೆ ಮಾತ್ರ ದುಡ್ಡಿತ್ತಾ ಅಂತ ಜಗಲಿಯ ಮೇಲೆ ಚುಚ್ಚಿದವಳೂ ಆಕೆಯೇ. ಇಲ್ಲಿ ನನಗೆ ಅಂಥ ಗತಿ ಬಂದರೆ ಪುಕ್ಕಟೆ ನಂಬರು ಇದೆ. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ.

ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅತ್ತಲಿಂದ ಮಾತಾಡಿದಾಕೆ ಊಟಕ್ಕೆಷ್ಟು, ಬಸ್ಸಿಗೆಷ್ಟು, ಮಗುವಿನ ಖರ್ಚೆಷ್ಟು ಅಂತ ಒಂದೊಂದೇ ಕೇಳುತ್ತಾ ಹೋದಳು. ಮನೆಗೆ ಅಂದರೆ ಊರಿಗೆ ಏನಾದರೂ ಕಳಿಸುತ್ತೀರಾ ಅಂದಾಗ ತಡವರಿಸಿದೆ. ಎರಡು ವರ್ಷದ ಹಿಂದೆ ಚಿಕ್ಕಮ್ಮ ಫೋನ್ ಮಾಡಿ ಕೇಳಿದಾಗ 30 ಸಾವಿರ ಕಳಿಸಿದ್ದೆ. ಯಾಕೆ ಅಂತ ಕೇಳಿರಲಿಲ್ಲ. ಎಷ್ಟು ಸಾಲ ಇದೆ ಅಂತಲೂ ಕೇಳಿರಲಿಲ್ಲ. ಅದು ಕಂತುಗಳಿಗೇ ಹೋಗಿತ್ತು ಅಂತ ಆ ಪಾಸ್‌ಬುಕ್ಕುಗಳನ್ನು ನೋಡಿದಾಗ ತಿಳಿಯಿತು. ವಿಚಾರಿಸದೆ ಕೊಟ್ಟವರ ಪಟ್ಟಿಯಲ್ಲಿ ನಾನು ಆರನೆಯವನು.

ಹೋದ ಭಾನುವಾರ ಚಿಕ್ಕಮ್ಮನೇ ಫೋನ್ ಮಾಡಿದ್ದಳು. ಮಾತು ಮುಗಿಸುವಾಗ, "ನಿನ್ ದುಡ್ಡು ಮರ್ತಿಲ್ಲ ಕಣಪ್ಪ, ಯುಗಾದಿ ಕಳೀಲಿ" ಅಂದಳು. ಯಾವ ಯುಗಾದಿ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.