ಸಮುದ್ರದ ಉಬ್ಬರ-ಇಳಿತ ನೋಡಿಕೊಂಡು ಬುಕ್ ಮಾಡಿ

ಕಡಲತೀರದ ಬಿಸಿನೀರಿನ ಸ್ಪಾಗೆ ಯಾವ ತಿಂಗಳು ಹೋಗಬೇಕು, ಎಂಥ ಕೋಣೆ, ಏನು ಪ್ಯಾಕೇಜ್ ಅಂತೆಲ್ಲ ಲೇಖನದಲ್ಲಿ ಚೆನ್ನಾಗಿ ಹೇಳಿದ್ದೀರಿ ಸರ್. ಆದರೆ ಸಮುದ್ರದ ವಿಷಯವೇ ಬಿಟ್ಟುಹೋಗಿದೆಯಲ್ಲ! ನ್ಯೂಜಿಲೆಂಡ್‌ನ ಹಾಟ್ ವಾಟರ್ ಬೀಚ್‌ನಲ್ಲಿ ಮರಳು ತೋಡಿ ಬಿಸಿನೀರಲ್ಲಿ ಕೂರಬೇಕಾದರೆ ಇಳಿತದ ಹಿಂದೆ-ಮುಂದೆ ತಲಾ ಸುಮಾರು 2 ಗಂಟೆ ಮಾತ್ರ ಅವಕಾಶ. ಆಮೇಲೆ ಅಲೆ ಬಂದು ನೀವು ತೋಡಿದ ಗುಂಡಿಯನ್ನೇ ನುಂಗಿಬಿಡುತ್ತೆ. ಇಟಲಿಯ ಇಸ್ಕಿಯಾ ದ್ವೀಪದ ಸೊರ್ಜೆತೊ ಕೊಲ್ಲಿಯಲ್ಲೂ ಬಿಸಿನೀರಿನ ಬುಗ್ಗೆ ನೇರ ಸಮುದ್ರಕ್ಕೇ ಸೇರೋದು. ಒಂದು ಬಂಡೆಯ ಪಕ್ಕ ಹದವಾಗಿದ್ದರೆ, ಎರಡು ಹೆಜ್ಜೆ ಆಚೆ ಕಾಲು ಸುಟ್ಟೀತು. ಕೈ ಅದ್ದಿ ನೋಡದೆ ಇಳಿಯಲೇಬಾರದು.

ಇನ್ನೊಂದು, ದುಡ್ಡು ಕಟ್ಟುವ ಮೊದಲು ಅದು ನಿಜವಾದ ಬುಗ್ಗೆಯ ನೀರೋ, ಸಮುದ್ರದ ನೀರನ್ನೇ ಕಾಯಿಸಿ ಕೊಳಕ್ಕೆ ಬಿಡೋದೋ ಕೇಳಿಕೊಳ್ಳಿ. ಥಲಾಸೋಥೆರಪಿ (ಸಮುದ್ರದ ನೀರಿನ ಚಿಕಿತ್ಸೆ) ಅಂತ ಬೋರ್ಡಿದ್ದರೆ ಸಾಮಾನ್ಯವಾಗಿ ಎರಡನೆಯದು. ಮೋಸವೇನಲ್ಲ, ಬಗೆ ಬೇರೆ ಅಷ್ಟೆ. ಸಕಲ ರೋಗವೂ ವಾಸಿ ಅನ್ನೋ ಜಾಹೀರಾತನ್ನು ಮಾತ್ರ ನಂಬಬೇಡಿ (ನೋಯುವ ಮಂಡಿಗೆ ಹಾಯೆನಿಸೋದು ನಿಜ).

ಗಂಧಕದ ನೀರಾದರೆ ಬೆಳ್ಳಿ ಉಂಗುರ, ಚೈನು ಕಪ್ಪಾಗುತ್ತೆ, ತೆಗೆದಿಟ್ಟು ಹೋಗಿ. ಆಗಷ್ಟೇ ಶೇವ್ ಮಾಡಿಕೊಂಡು ಉಪ್ಪುನೀರಿಗಿಳಿದರೆ ಚುರುಚುರು ಉರಿ ಗ್ಯಾರಂಟಿ! ಬಿಪಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಹೊರಡಬೇಡಿ. ಉಳಿದವರೂ 15-20 ನಿಮಿಷಕ್ಕೆ ಕೊಳದಿಂದ ಎದ್ದು ಬಂದು ನೀರು ಕುಡಿಯಿರಿ. ದಡಕ್ಕನೆ ಎದ್ದು ನಿಂತರೆ ತಲೆ ಸುತ್ತುತ್ತೆ, ಕಂಬಿ ಹಿಡಿದುಕೊಂಡೇ ಏಳಿ.